ಹಗ್ಗ ಹಿಡಿಯುವ ಹೊತ್ತು

ಹುಟ್ಟಿದಾಗಿನಿಂದ ಒಂದು ದಿನವೂ ತಮಗೆ ಜಡ್ಡು ಬಂದದ್ದಿಲ್ಲ ಎಂದು ನಮ್ಮ ಮನೆಯವರು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಹೆಸರು ಫಕೀರಪ್ಪ, ಸುಣ್ಣದ ಭಟ್ಟಿಯಲ್ಲಿ ಕಲ್ಲು ಸುಡುವ ಕೆಲಸ. ಸಂಜೆ ಮನೆಗೆ ಬಂದಾಗ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗಿರುತ್ತಿದ್ದವು. ಮುಖ ತೊಳೆದ ಮೇಲೆಯೇ ಇವರು ನನ್ನ ಗಂಡ ಎಂದು ಖಾತ್ರಿಯಾಗುತ್ತಿತ್ತು. ಭಟ್ಟಿಯ ಹೊಗೆ ಕುಡಿದವನಿಗೆ ಬೇರೆ ಔಷಧ ಯಾಕೆ ಎಂದು ಎದೆ ತಟ್ಟಿಕೊಳ್ಳುವರು. ಆ ಎದೆಯ ಮೇಲೆ ಅವರಿಗೆ ಅಷ್ಟು ಅಭಿಮಾನ. ನಾನು ರೊಟ್ಟಿ ಬಡಿದು ಮಾರುವವಳು, ಬೆಂಕಿಯ ಮುಂದೆ ಕೂತು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದೆ. ಬಾಯಿ ತೆರೆದರೆ ಜಗಳವಾಗುತ್ತಿತ್ತು.

ಸಂಜೆ ಪುರಸಭೆಯ ಸೈರನ್ ಕೂಗಿದೊಡನೆ ನಾವೆಲ್ಲ ಮನೆ ಮುಂದಿನ ಕಟ್ಟೆಗೆ ಬಂದು ಹಗ್ಗ ಹಿಡಿಯುತ್ತಿದ್ದೆವು. ಅದು ಊರ ನಡುವಿನ ಹಗ್ಗದ ಮನೆಯಿಂದ ಹೊರಟು ಕೋಟೆ ಓಣಿ, ಪೇಟೆ ಓಣಿ, ಹೊಳೆ ಓಣಿ ಸುತ್ತಿ, ನಮ್ಮ ಸುಣ್ಣದ ಓಣಿಯ ಪ್ರತಿ ಮನೆಯ ಮುಂದೆ ಹಾದು ಮತ್ತೆ ಅಲ್ಲಿಗೇ ಹೋಗಿ ಸೇರುತ್ತಿತ್ತು. ಒಲೆಯ ಮೇಲೆ ಹಾಲಿದ್ದರೆ ಇಳಿಸಿ ಬರುವುದು, ಜಗಳ ನಡೆದಿದ್ದರೆ ಅರ್ಧಕ್ಕೆ ಬಿಟ್ಟು ಬರುವುದು. ಎರಡನೇ ಸೈರನ್ ಆಗುವವರೆಗೆ ಹಿಡಿದು ನಿಂತರೆ ಊರಿನ ನೋವು ಊರಿಗೆಲ್ಲ ಹಂಚಿಹೋಗುತ್ತಿತ್ತು. ಹೆಚ್ಚಿದ್ದವರಿಂದ ಕಡಿಮೆ ಇದ್ದವರ ಕಡೆಗೆ ಹರಿಯುತ್ತಿತ್ತು, ಮರುದಿನ ಸಂಜೆಯ ಸೈರನ್‌ವರೆಗೆ ಹಾಗೇ ಇದ್ದು, ಆಗ ಮತ್ತೆ ಹಿಡಿಯದಿದ್ದರೆ ಅವರವರದು ಅವರವರಿಗೇ ಮರಳುತ್ತಿತ್ತು. ಯಾರದೋ ಕಿಡ್ನಿ, ಯಾರದೋ ಬಾಣಂತಿ ಜ್ವರ, ಯಾರದೋ ಹೃದಯ. ನಮ್ಮ ಪಾಲಿಗೆ ಬರುವುದು ಮೊಣಕಾಲಲ್ಲಿ ಒಂದು ಚಳಕು, ಇಲ್ಲವೇ ಹೊಟ್ಟೆಯಲ್ಲಿ ಸಣ್ಣ ಹಿಂಡು. ಊಟಕ್ಕೆ ಕೂತಾಗ ಅದು ಮರೆತೂ ಹೋಗುತ್ತಿತ್ತು.

ಆದರೆ ಬಂದದ್ದು ಗೊತ್ತಾಗುತ್ತಿತ್ತು, ಹೋದದ್ದು ಗೊತ್ತಾಗುತ್ತಿರಲಿಲ್ಲ. ಪಾದ ಜುಮುಜುಮು ಎಂದರೆ ಇದು ಕೋಟೆ ಓಣಿಯ ಜಿಲೇಬಿ ತಿನ್ನುವವರ ಸಕ್ಕರೆ ಕಾಯಿಲೆ ಎಂದು ನಾವು ಬೈಯುತ್ತಿದ್ದೆವು. ಬಲಪಕ್ಕೆ ಹಿಡಿದುಕೊಂಡರೆ ಹೊಳೆ ಓಣಿಯ ಕುಡುಕರದು. ನಾನು ಹುಟ್ಟಿದ್ದೇ ಹೊಳೆ ಓಣಿಯಲ್ಲಿ, ಆದರೂ ಬೈದಿದ್ದೇನೆ. ನಮ್ಮ ಓಣಿಯ ಗಂಡಸರ ಎದೆಯೊಳಗಿನ ಸುಣ್ಣ ದಿನಾ ಸಂಜೆ ಎಲ್ಲಿಗೆ ಹೋಗುತ್ತಿತ್ತು ಎಂದು ಒಬ್ಬರೂ ಕೇಳಿದವರಲ್ಲ.

ನನಗೆ ಅದು ತಿಳಿದದ್ದು ಒಂದು ಗಾಳಿಮಳೆಯಲ್ಲಿ. ಮರ ಬಿದ್ದು ನಮ್ಮ ಓಣಿಯ ತುದಿಯಲ್ಲಿ ಹಗ್ಗ ಹರಿಯಿತು, ಅದನ್ನು ಮತ್ತೆ ಜೋಡಿಸಲು ಒಂದೆರಡು ದಿನ ಹಿಡಿಯಿತು. ಆ ಒಂದೆರಡು ದಿನ ಓಣಿ ತುಂಬ ಕೆಮ್ಮು. ನಮ್ಮ ಮನೆಯವರು ಗೋಡೆಗೆ ಒರಗಿ, ಬಾಯಿ ತೆರೆದು, ನೀರಿಂದ ಹೊರಗೆ ಬಿದ್ದ ಮೀನಿನ ಹಾಗೆ ಉಸಿರೆಳೆಯುತ್ತಿದ್ದರು. ಹಗ್ಗ ಜೋಡಿಸಿದ ಸಂಜೆಯೇ ಎದ್ದು ಕೂತರು. ಥಂಡಿ ಹವಾ ಇತ್ತು ನೋಡು ಎಂದರು. ಓಣಿಯವರೆಲ್ಲ ಥಂಡಿ ಹವಾ ಎಂದೇ ಹೇಳಿದರು.

ಅಡಿವೆಪ್ಪ ಪುರಸಭೆ ಚುನಾವಣೆಗೆ ನಿಂತದ್ದು ಮರುವರ್ಷ. ಅವನು ನಮ್ಮ ಓಣಿಯವನೇ. ಅವನಪ್ಪ ಇದೇ ಭಟ್ಟಿಯಲ್ಲಿ ದುಡಿದವನು, ಅಡಿವೆಪ್ಪನ ಎಡಗೈಯ ಮೇಲೂ ಸುಣ್ಣ ಸುಟ್ಟ ಕಲೆ ಇನ್ನೂ ಇದೆ. ಮುಂದೆ ಪೇಟೆಯಲ್ಲಿ ಲಾರಿ ಇಟ್ಟ, ಮನೆ ಕಟ್ಟಿದ, ಆದರೂ ನಮ್ಮ ಕಟ್ಟೆಗೆ ಬಂದರೆ ಚಾಪೆ ಕೇಳುತ್ತಿರಲಿಲ್ಲ. ನನ್ನ ಕೈಯ ರೊಟ್ಟಿಯನ್ನು ಬಿಸಿ ಇರುವಾಗಲೇ ಕಸಿದುಕೊಂಡು ತಿನ್ನುತ್ತಿದ್ದ. ಕೆಟ್ಟವನು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

"ಫಕೀರಣ್ಣ, ನಿನ್ನ ಕೈಗೆ ದಿನಾ ಬರೂ ನೋವು ಯಾರದು ಅಂತ ಒಂದಿನ ಕೇಳಿಯೇನು?" ಎಂದ ಅವನು, ಕಟ್ಟೆಯ ಮೇಲೆ ಕೂತು. "ಬೆಂಕಿ ಮುಂದ ಬೇಯಾಂವ ನೀ. ಮತ್ತ ಸಂಜಿಗೆ ಬಂದು ಮಂದಿ ಜಡ್ಡು ಹೊರಾಂವನೂ ನೀ. ಈ ಊರು ನಿಂತಿದ್ದು ನಮ್ಮ ಓಣಿ ಹೆಗಲ ಮ್ಯಾಲ. ಯಾರರ ಒಬ್ಬರು ಬಂದು ನಿಂಗ ಶರಣು ಅಂದಾರೇನು?"

ನಮ್ಮ ಮನೆಯವರ ಬೆನ್ನು ಅಲ್ಲೇ ನೆಟ್ಟಗಾದದ್ದನ್ನು ನಾನು ನೋಡಿದೆ. ನನಗೂ ಕೇಳಲು ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ. ಗೆದ್ದರೆ ಹಗ್ಗವನ್ನು ಓಣಿ ಓಣಿಗೆ ಕತ್ತರಿಸುತ್ತೇನೆ, ಯಾವ ಓಣಿಯ ನೋವನ್ನು ಆ ಓಣಿಯೇ ಹಿಡಿಯಲಿ ಎಂದ. ಎದುರು ಮನೆಯ ದಸ್ತಗೀರಣ್ಣ, ನಮ್ಮ ಮನೆಯವರ ಜೊತೆ ಭಟ್ಟಿಯಲ್ಲಿ ದುಡಿಯುವವನು, ಹಾಗೇ ಆಗಲಿ ಎಂದು ಚಪ್ಪಾಳೆ ತಟ್ಟಿದ. ನನಗೆ ಮಾತ್ರ ಆ ಗಾಳಿಮಳೆಯ ದಿನಗಳು ಕಣ್ಣ ಮುಂದೆ ಬಂದವು.

ಹಗ್ಗ ಕತ್ತರಿಸಿದರೆ ಗಂಡ ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. ಹೇಳಿ ನೋಡಿದೆ. "ನಿನ್ನ ತಲಿ," ಎಂದು ನಕ್ಕರು. ಹೆಂಡತಿಯ ಮಾತು ಕೇಳದಿದ್ದರೆ ಡಾಕ್ಟರ ಮಾತಾದರೂ ಕೇಳಬಹುದು ಎಂದು ಹಗ್ಗದ ಮನೆಗೆ ಹೋಗಿ ಅಲ್ಲಿಯ ಡಾಕ್ಟರ್ ವಿಮಲಾಬಾಯಿಯವರನ್ನು ಕರೆತಂದೆ. ಅದೇ ಎಡವಟ್ಟಾಯಿತು. ಆಕೆ ಒಳ್ಳೆಯವರು, ಓದಿದವರು, ನಿಜ ಹೇಳಿದರೆ ಸಾಕು ಎಂದು ತಿಳಿದವರು. ಓಣಿಯ ನಡುವೆ ನಿಂತು ಎಲ್ಲರ ಮುಂದೆ ನಿಜ ಹೇಳಿಬಿಟ್ಟರು.

"ನೀವು ಯಾರ ಕಾಯಿಲೆಯನ್ನೂ ಹೊರ್ತಾ ಇಲ್ಲ. ನಿಮ್ಮ ಓಣಿಯಷ್ಟು ಕಾಯಿಲೆ ಈ ಊರಲ್ಲಿ ಎಲ್ಲೂ ಇಲ್ಲ. ನಿಮ್ಮನ್ನೇ ಊರೆಲ್ಲ ಸೇರಿ ಹೊರ್ತಾ ಇದೆ. ಅದಕ್ಕೇ ನೀವು ಹೀಗೆ ನಿಂತುಕೊಂಡಿದ್ದೀರಿ."

ದಸ್ತಗೀರಣ್ಣ ನೆಲ ನೋಡುತ್ತಿದ್ದ. ನಮ್ಮ ಮನೆಯವರು ಹೆಗಲ ಟವೆಲ್ಲನ್ನು ತೆಗೆದು ಕೊಡವಿದರು, ಸುಣ್ಣದ ಪುಡಿ ಹಾರಿತು.

"ಅಂದರ ನಾವು ಮಂದಿ ಹಾಕಿದ ಉಸಿರಿನ್ಯಾಗ ಬದುಕೇವಿ ಅಂತೀರೇನ್ರಿ, ಬಾಯಿ?" ಎಂದರು, ಮೆಲ್ಲಗೆ.

"ತಪ್ಪೇನಿದೆ ಅದರಲ್ಲಿ? ಅದು ನಿಮ್ಮ ಹಕ್ಕು," ಎಂದರು ಡಾಕ್ಟರು.

ಹಕ್ಕು ಎಂಬ ಮಾತು ಯಾರ ಕಿವಿಗೂ ಬೀಳಲಿಲ್ಲ. ಡಾಕ್ಟರು ಕಾರು ಹತ್ತಿದ ಮೇಲೆ ನಮ್ಮ ಮನೆಯವರು ನನ್ನ ಜೊತೆ ಮಾತು ಬಿಟ್ಟರು. ಎಷ್ಟೋ ದಿನ ತಟ್ಟೆಯನ್ನು ತಾವೇ ತೆಗೆದುಕೊಂಡು ಉಂಡರು. ಮಾತು ಶುರುವಾದ ದಿನ ಅವರು ಆಡಿದ್ದು ಒಂದೇ. "ಓಣಿ ಮುಂದ ನನ್ನ ರೋಗಿಷ್ಟ ಮಾಡಿದಿ, ನೀಲಾ. ಸತ್ತರೂ ಚಿಂತಿಲ್ಲ, ಹಂಗ ಅನ್ನಸ್ಕೋಬಾರದಾಗಿತ್ತು." ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಸಾಯುವುದು ಅಷ್ಟು ಅಗ್ಗವಾಗಿ ಕಂಡಿತ್ತು ಅವರಿಗೆ, ಮರ್ಯಾದೆಗೆ ಅಷ್ಟು ಬೆಲೆ.

ಅಡಿವೆಪ್ಪ ಗೆದ್ದ. ನಮ್ಮ ಓಣಿಯ ಮತಗಳೆಲ್ಲ ಅವನಿಗೇ ಬಿದ್ದವು, ನನ್ನದೊಂದು ಬಿಟ್ಟು. ಹಗ್ಗ ಕತ್ತರಿಸುವ ದಿನ ಡೊಳ್ಳು ಬಾರಿಸಿದರು. ಕೊಡಲಿಯ ಮೊದಲ ಏಟನ್ನು ಹಾಕಲು ನಮ್ಮ ಮನೆಯವರನ್ನೇ ಕರೆದ. ಅವರು ಹಾಕಿದರು. ಆ ಸಂಜೆ ನಮ್ಮ ಓಣಿ ನಮ್ಮ ಓಣಿಯ ತುಂಡನ್ನು ಮಾತ್ರ ಹಿಡಿಯಿತು. ಎಲ್ಲರೂ ಹಗುರಾಗುವುದನ್ನು ಕಾಯುತ್ತ ನಗುತ್ತ ನಿಂತಿದ್ದರು. ಎರಡನೇ ಸೈರನ್ ಆಗುವ ಮೊದಲೇ ಕೆಮ್ಮು ಶುರುವಾಯಿತು. ಎಲ್ಲರ ಎದೆಯಲ್ಲೂ ಅದೇ ಸುಣ್ಣ ಇರುವಾಗ ಹಂಚಿಕೊಂಡು ಆಗುವುದೇನು? ತುಂಬಿದ ಕೊಡಕ್ಕೆ ತುಂಬಿದ ಕೊಡ ಸುರಿದ ಹಾಗಾಯಿತು.

ಅಡಿವೆಪ್ಪ ಓಡಿ ಬಂದ. ಅವನಿಗೂ ಗಾಬರಿಯಾಗಿತ್ತು. ಕತ್ತರಿಸುವುದಕ್ಕೆ ಮೊದಲು ಕೋಟೆ ಓಣಿಯವರು ತಮ್ಮ ಜಡ್ಡನ್ನೆಲ್ಲ ನಮ್ಮ ತುಂಡಿಗೆ ತುಂಬಿ ಬಿಟ್ಟಿದ್ದಾರೆ, ಇಳಿಯಲು ದಿನ ಹಿಡಿಯುತ್ತದೆ ಎಂದ. ಅವನು ಅದನ್ನು ನಂಬಿಯೇ ಹೇಳಿದ ಎಂದು ನನಗೆ ಇವತ್ತಿಗೂ ಅನಿಸುತ್ತದೆ. ಓಣಿಯೂ ನಂಬಿತು. ನಂಬದೆ ಇರುವುದಾದರೆ ಕೊಡಲಿ ಹಾಕಿದವರು ತಾವೇ ಎಂದು ಒಪ್ಪಬೇಕಾಗಿತ್ತು.

ದಸ್ತಗೀರಣ್ಣ ಆ ತಿಂಗಳೇ ತೀರಿಕೊಂಡ. ಅಡಿವೆಪ್ಪ ಮಯ್ಯತ್ತಿಗೆ ಮೊದಲು ಬಂದು ಕೊನೆಗೆ ಹೋದ. ಡೋಲಿಗೆ ಹೆಗಲು ಕೊಟ್ಟ, ಮಣ್ಣು ಹಾಕಿ ಅತ್ತ. ದಸ್ತಗೀರಣ್ಣನ ಹೆಂಡತಿ ಮಾಬೂಬಿ ನನ್ನ ಗೆಳತಿ, ದಿನಾ ನನ್ನ ಜೊತೆ ಹಿಟ್ಟು ಸೋಸಲು ಕೂರುವವಳು. ಮೆಲ್ಲಗೆ ಅವಳಿಗೆ ಹೇಳಿದೆ, ಹಗ್ಗ ಇದ್ದಿದ್ದರೆ ದಸ್ತಗೀರಣ್ಣ ಇರುತ್ತಿದ್ದ ಎಂದು.

"ಇರ್ತಿದ್ದರೇನೋ," ಎಂದಳು ಅವಳು, ಜರಡಿ ನಿಲ್ಲಿಸದೆ. "ಆದರ ಹೆಗಲು ಕೊಡಾಕ ಯಾರು ಬಂದ್ರು ಹೇಳು. ನಿನ್ನ ಡಾಕ್ಟರಬಾಯಿ ಬಂದಿದ್ದಳೇನು? ಅಡಿವೆಪ್ಪ ನನ್ನ ಮುಂದ ಕೂತು, ನಿನ್ನ ಗಂಡ ಹುಲಿ ಇದ್ದ ಅಂದ. ಅಷ್ಟು ಸಾಕು ನಂಗ."

ನಾನು ಸೋಸಿದ ಹಿಟ್ಟನ್ನು ಡಬ್ಬಿಗೆ ತುಂಬಿದೆ.

ನಮ್ಮ ಮನೆಯವರು ಹಾಸಿಗೆ ಹಿಡಿದರು. ಮಾತಾಡಿದರೆ ಉಸಿರು ಸಾಲದು, ಉಸಿರೆಳೆದರೆ ಮಾತು ಬಾರದು. ಕತ್ತರಿಸಿದ ಜಾಗದಲ್ಲಿ ಬಿದ್ದಿದ್ದ ಹಗ್ಗದ ಚೂರೊಂದನ್ನು ನಾನು ಸೆರಗಿನಲ್ಲಿ ಮುಚ್ಚಿ ತಂದಿದ್ದೆ. ಅದರ ಒಂದು ಎಳೆ ಬಿಚ್ಚಿ, ಅವರು ಮಲಗುವ ಹೊರಸಿನ ನೇಯ್ಗೆಯಲ್ಲಿ ಸೇರಿಸಿ ಹೆಣೆದೆ. ಇನ್ನೊಂದು ತುದಿಯನ್ನು ಗೋಡೆಯ ಸಂದಿಯಿಂದ ಅಡಿಗೆಮನೆಗೆ ತಂದೆ. ಸೈರನ್ ಆದಾಗ ಒಲೆಯ ಪಕ್ಕ ಕೂತು ಹಿಡಿದೆ. ಅವರ ಎದೆ ನನ್ನ ಎದೆಗೆ ಬಂತು. ಎಂಥ ಎದೆ ಅದು. ಒಳಗೆ ಸುಟ್ಟ ಕಲ್ಲನ್ನು ಯಾರೋ ತಿಕ್ಕುತ್ತಿರುವ ಹಾಗೆ. ಇಷ್ಟನ್ನು ಊರು ಇಷ್ಟು ವರ್ಷ ಚೂರು ಚೂರಾಗಿ ತೆಗೆದುಕೊಂಡು, ಸಣ್ಣ ಕೆಮ್ಮು ಕೆಮ್ಮಿ ಸುಮ್ಮನಾಗಿತ್ತಲ್ಲ ಎಂದು ನನಗೆ ಕಣ್ಣಲ್ಲಿ ನೀರು ಬಂತು.

ಗೋಡೆಯ ಆಚೆ ಅವರು ಎದ್ದು ಕೂತದ್ದು ಕೇಳಿಸಿತು. ಹೊರಸು ಕಿರುಗುಟ್ಟಿತು. "ನೀಲಾ, ಹಸಿವಾಗೇತಿ," ಎಂದರು. ಮರುದಿನ ಭಟ್ಟಿಗೆ ಹೋದರು; ಸಂಜೆ ಬಂದು ಹೊರಸಿನ ಮೇಲೆ ಒರಗಿದಾಗ ನಾನು ಮತ್ತೆ ಎಳೆ ಹಿಡಿದೆ, ಅಲ್ಲಿಂದ ದಿನಾ ಹಾಗೇ. ನಾನು ಎಳೆಯ ವಿಷಯ ಹೇಳಲಿಲ್ಲ, ಹೇಳಿದರೆ ಕಿತ್ತು ಒಲೆಗೆ ಹಾಕುತ್ತಾರೆ ಎಂದು ಗೊತ್ತಿತ್ತು. ಅವರೋ ಓಣಿಯ ತುದಿಯಲ್ಲಿ ನಿಂತು ಹೇಳಿದರು: "ನೋಡ್ರಿ, ಅಡಿವೆಪ್ಪ ಹೇಳಿದ್ದ ಖರೇ ಆತು. ಮಂದಿ ಜಡ್ಡು ಇಳೀತು, ನಾ ಎದ್ದೆ. ಯಾರ ಹಂಗೂ ಇಲ್ದ ಎದ್ದೆ." ಕೆಮ್ಮುತ್ತಿದ್ದವರಿಗೆ ಅದೇ ಧೈರ್ಯವಾಯಿತು. ಫಕೀರಪ್ಪನನ್ನು ನೋಡು, ಇನ್ನಷ್ಟು ದಿನ ತಡೆದರೆ ನಮಗೂ ಇಳಿಯುತ್ತದೆ ಎಂದುಕೊಂಡರು. ನನ್ನ ಎಳೆ ನನ್ನ ಗಂಡನನ್ನು ಉಳಿಸಿತು, ಅಡಿವೆಪ್ಪನ ಮಾತನ್ನೂ ಉಳಿಸಿತು.

ನನಗೆ ರೊಟ್ಟಿ ಬಡಿಯುವಾಗ ದಮ್ಮು ಹತ್ತುತ್ತಿತ್ತು. ಅವರು ಮರುಗುತ್ತಿದ್ದರು. ನೀರಿನ ಕೊಡ ತಾವೇ ತರುತ್ತಿದ್ದರು, ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದರು. "ನಿಂಗ ಯಾರೋ ಕದ್ದು ನೋವು ಕಳಸಾಕತ್ತಾರ," ಎಂದರು ಒಂದು ದಿನ, ತುಂಬಾ ಪ್ರೀತಿಯಿಂದ. "ಊರಾಗ ಇನ್ನೂ ಹಗ್ಗದ ಚೂರು ಅದಾವು. ಅಡಿವೆಪ್ಪಗ ಹೇಳತೀನಿ, ಬಿಡಾಂಗಿಲ್ಲ."

ಅವರು ಹೇಳಿದರು, ಅಡಿವೆಪ್ಪ ಕೇಳಿದ. ಊರಿಗೆಲ್ಲ ಮತ್ತೊಂದು ಮತದಾನ ನಿಗದಿಯಾಯಿತು. ಇನ್ನು ಓಣಿಯ ಹಗ್ಗವೂ ಬೇಡ, ಯಾರ ಮೈ ಅವರಿಗೆ. ಬಹುಮತ ಬಂದರೆ ಮನೆ ಮನೆ ಹುಡುಕಿ ಎಳೆ ಎಳೆಯನ್ನೂ ತಂದು ಭಟ್ಟಿಗೆ ಹಾಕುವುದು, ಬಚ್ಚಿಟ್ಟವರನ್ನು ಊರು ಬಿಡಿಸುವುದು. ಕೋಟೆ ಓಣಿಯವರು ಈ ಸಲ ಸುಡುವುದು ಬೇಡ ಎನ್ನುತ್ತಾರಂತೆ, ಪೇಟೆ ಓಣಿ ಅರ್ಧಂಬರ್ಧವಂತೆ, ಎಲ್ಲ ಸುಣ್ಣದ ಓಣಿಯ ಮೇಲೆಯೇ ನಿಂತಿದೆಯಂತೆ. ಕೇಳಿದಾಗಿನಿಂದ ನನಗೆ ನಿದ್ದೆ ಹತ್ತಲಿಲ್ಲ. ಆ ಎಳೆ ಹೋದರೆ ಇವರು ವಾರ ಕಳೆಯುವುದಿಲ್ಲ. ಅದನ್ನು ಸುಡಿಸಲು ಇವರೇ ಮನೆ ಮನೆ ತಿರುಗಿ ಮತ ಕೇಳುತ್ತಿದ್ದಾರೆ.

ಮತದಾನದ ದಿನ ಶಾಲೆಯ ಮುಂದೆ ದೊಡ್ಡ ಸಾಲು. ಯಂತ್ರ ಮಧ್ಯಾಹ್ನ ಕೆಟ್ಟು ಕೂತಿತ್ತು, ನಮ್ಮ ಸರದಿ ಮುಂದಕ್ಕೇ ಹೋಗಲಿಲ್ಲ. ಬಿಸಿಲು ಇಳಿಯುತ್ತ ಬಂತು. ನಾನು ಹೊರಸಿನಿಂದ ಎಳೆ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದೆ, ಹೊತ್ತಾದರೆ ಎಂಬ ಭಯಕ್ಕೆ. ಅವರು ಮುಂದೆ, ನಾನು ಅವರ ಹಿಂದೆ, ನನ್ನ ಹಿಂದೆ ಮಾಬೂಬಿ. ಅವರು ಹಿಂದುಮುಂದಿನವರಿಗೆಲ್ಲ ಹೇಳುತ್ತಿದ್ದರು, ಎರಡನೇ ಗುಂಡಿ, ಹಗ್ಗ ಬ್ಯಾಡ ಅನ್ನೂದು, ಮರೀಬ್ಯಾಡ್ರಿ.

ಸೈರನ್ ಕೂಗಿತು. ಶಾಲೆಯ ಮುಂದೆ ಹಿಡಿಯಲು ಹಗ್ಗವಿಲ್ಲದ ಜನ ಸುಮ್ಮನೆ ನಿಂತೇ ಇದ್ದರು. ನಮ್ಮ ಮನೆಯವರ ಮಾತು ನಡುವೆ ನಿಂತಿತು. ನನ್ನ ಎದೆಯೊಳಗಿನ ಕಲ್ಲು ಕರಗತೊಡಗಿತು, ಎಷ್ಟೋ ತಿಂಗಳ ಮೇಲೆ ತುಂಬು ಉಸಿರು ಒಳಗೆ ಹೋಯಿತು. ಏನು ಸುಖ ಅದು. ಬೇಡ, ಇನ್ನು ಬೇಡ, ಇವರದನ್ನು ಇವರೇ ಇಟ್ಟುಕೊಳ್ಳಲಿ ಎಂದು ಮನಸ್ಸು ಹೇಳಿತು. ಹಾಗೆ ಹೇಳಿದ್ದು ನನ್ನ ಮನಸ್ಸೇ.

ಅವರು ಶಾಲೆಯ ಮೆಟ್ಟಿಲ ಮೇಲೆ ಕುಸಿದರು. ತುಟಿ ನೀಲಿಯಾಗಿತ್ತು. ಜನ ಸುತ್ತ ಸೇರಿದರು, ಯಾರೋ ನೀರೆಂದರು, ಯಾರೋ ಗಾಳಿ ಬಿಡಿ ಎಂದರು. ನಾನು ಪಕ್ಕದಲ್ಲಿ ಕೂತು ಸೆರಗಿನ ಮರೆಯಲ್ಲಿ ಎಳೆ ತೆಗೆದೆ. ಅವರು ಅದನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಿದರು, ನನ್ನ ಬತ್ತಿದ ಕೆನ್ನೆ, ನನ್ನ ಕುತ್ತಿಗೆಯ ಎಲುಬು. ಅಡಿಗೆಮನೆಯ ಗೋಡೆ, ಹೊರಸು, ನನ್ನ ದಮ್ಮು, ಎಲ್ಲ ಅವರಿಗೆ ಒಮ್ಮೆಗೇ ತಿಳಿಯಿತು. ತಿಳಿದದ್ದು ಆ ಕಣ್ಣಲ್ಲಿ ನನಗೆ ಕಂಡಿತು.

"ಹಿಡೀರಿ," ಎಂದೆ.

ಅವರು ಸುತ್ತ ನಿಂತವರನ್ನು ನೋಡಿದರು. ತಲೆ ಅಲ್ಲಾಡಿಸಿದರು, ಬೇಡವೆಂದು.

"ಯಾರಿಗೂ ಕಾಣಾಂಗಿಲ್ಲ. ನನ್ನ ಕೈ ಹಿಡೀರಿ."

ಎಳೆಯನ್ನು ಅಂಗೈಯಲ್ಲಿ ಮಡಿಸಿಟ್ಟುಕೊಂಡು ಕೈ ಚಾಚಿದೆ. ಅವರು ಹಿಡಿದರು. ಎಲ್ಲರೆದುರು ಹೆಂಡತಿಯ ಕೈ ಹಿಡಿದು ಕೂತದ್ದಕ್ಕೆ ಯಾರೋ ಹಿಂದಿನಿಂದ ನಕ್ಕರು, ಮುದುಕಗ ಈಗ ನೆನಪಾತು ನೋಡು ಎಂದು. ಎರಡನೇ ಸೈರನ್‌ವರೆಗೆ ನಾವು ಹಾಗೇ ಕೂತಿದ್ದೆವು. ಮೊದಲು ಅವರ ತುಟಿಗೆ ಬಣ್ಣ ಬಂತು. ನನ್ನ ಕಲ್ಲು ನನಗೆ ವಾಪಸು ಬಂತು, ಮೊದಲಿಗಿಂತ ಭಾರವಾಗಿ.

ಅವರು ಎದ್ದು ಧೋತರ ಕೊಡವಿಕೊಂಡರು. "ಮುಂಜಾನಿಂದ ನಿಂತು ನಿಂತು ಹಂಗಾತು," ಎಂದರು ಜನರಿಗೆ. ಹೌದೌದು, ಇಂಥ ಬಿಸಿಲಿಗೆ ಆಗದೆ ಏನು ಎಂದರು ಜನ. ಒಳಗಿಂದ ಅವರ ಹೆಸರು ಕೂಗಿದರು. ಬಾಗಿಲ ಬಳಿ ಒಂದು ಗಳಿಗೆ ನಿಂತು ತಿರುಗಿ ನನ್ನನ್ನು ನೋಡಿದರು. ನಾನು ಬೇಡಿಕೊಂಡೆ, ಬಾಯಿಂದಲ್ಲ, ಬಾಯಲ್ಲಿ ಉಸಿರೇ ಇರಲಿಲ್ಲ. ಅವರು ಒಳಗೆ ಹೋದರು. ಯಂತ್ರ ಪೀಂ ಎಂದಿತು.

ಹೊರಗೆ ಬಂದು ನನ್ನ ಪಕ್ಕದಲ್ಲಿ ಕೂತರು. ಬೆರಳಿನ ಶಾಯಿ ಇನ್ನೂ ಹಸಿಯಾಗಿತ್ತು.

"ಯಾವ ಗುಂಡಿ?" ಎಂದೆ.

ಶಾಯಿಯ ಬೆರಳನ್ನು ಧೋತರಕ್ಕೆ ಒರೆಸಿಕೊಂಡರು. "ಇಷ್ಟ ಮಂದಿಗೆ ನಾನ ಹೇಳೀನಲ್ಲ, ನೀಲಾ," ಎಂದರು ಕೊನೆಗೆ. "ಎರಡನೇದು ಒತ್ತರಿ ಅಂತ ಮನಿ ಮನಿಗೆ ಹೋಗಿ ಹೇಳೀನಿ. ಈಗ ನಾನ ಬ್ಯಾರೆ ಒತ್ತಿದರ ನಾ ಯಾರು?"

ನನ್ನ ಹೆಸರು ಕೂಗಿದರು. ಏಳಲು ನೋಡಿದೆ, ಮೆಟ್ಟಿಲಿಗೆ ಕೈ ಊರಿ. ಆಗಲಿಲ್ಲ, ಎದೆಯ ಕಲ್ಲು ಕೆಳಕ್ಕೆ ಜಗ್ಗಿತು. ಮತ್ತೊಮ್ಮೆ ಕೂಗಿದರು. ಮಾಬೂಬಿ ನನ್ನನ್ನು ದಾಟಿ ಒಳಗೆ ಹೋದಳು. ಅವಳ ಹಿಂದೆ ಉಳಿದವರೂ ಹೋದರು. ಪೊಲೀಸಿನವನು ಬಂದು ಗೇಟು ಎಳೆದ.

"ಇರಲಿ ಬಿಡು," ಎಂದರು ನಮ್ಮ ಮನೆಯವರು. "ನಂದಾತಲ್ಲ. ಇಬ್ಬರದೂ ಆದಂಗ."

ಬಗ್ಗಿ ನನ್ನ ಎರಡೂ ರಟ್ಟೆ ಹಿಡಿದು ಎಬ್ಬಿಸಿದರು. ಅವರ ಕೈಯಲ್ಲಿ ಒಳ್ಳೆಯ ಬಲವಿತ್ತು.